ಮಿಲ್ಲು ಮುಚ್ಚಿದ ಊರಿಗೆ ಕಲಾವಿದರು ಬಂದರೆ ಊರು ಏಳುತ್ತದಾ?

ಮಂಡಕ್ಕಿಭಟ್ಟಿ:

ನಮಸ್ಕಾರ ಎಲ್ಲರಿಗೂ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಚಹಾ ಹಿಡಿದುಕೊಂಡು ಓದಿ.

ನಾನು ದಾವಣಗೆರೆಯವನು. ನಮ್ಮ ತಾತ ಕಾಟನ್ ಮಿಲ್ಲಿನಲ್ಲಿ ದುಡಿದವರು, ಆಮೇಲೆ ಹತ್ತಿ ವ್ಯಾಪಾರಕ್ಕೆ ಇಳಿದರು. ಆಗ ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಮಿಲ್ಲಿನ ಸೈರನ್ ಕೇಳಿ ಅನ್ನಕ್ಕೆ ಇಡುತ್ತಿದ್ದೆ ಅಂತ ಅಜ್ಜಿ ಈಗಲೂ ಹೇಳುತ್ತಾರೆ. ಒಂದೊಂದೇ ಮಿಲ್ಲು ಬಾಗಿಲು ಹಾಕಿತು. ಈಗ ಡಿಸಿಎಂ ಟೌನ್‌ಶಿಪ್ ಅಂತ ಬಡಾವಣೆಯ ಹೆಸರು ಉಳಿದಿದೆ, ಅದು ದಾವಣಗೆರೆ ಕಾಟನ್ ಮಿಲ್ಲಿನ ಹೆಸರು ಅಂತ ಹೊಸ ಹುಡುಗರಿಗೆ ಗೊತ್ತೇ ಇಲ್ಲ, ಯಾವನೋ ಉಪಮುಖ್ಯಮಂತ್ರಿ ಕಟ್ಟಿಸಿದ್ದು ಅಂದುಕೊಂಡಿದ್ದಾರೆ.

ಹಾಗಂತ ಊರು ಸತ್ತಿಲ್ಲ. ಮೆಡಿಕಲ್, ಇಂಜಿನಿಯರಿಂಗ್, ಡೆಂಟಲ್ ಅಂತ ಕಾಲೇಜುಗಳು ಬಂದವು, ಆಸ್ಪತ್ರೆಗಳು ಬಂದವು, ಬೆಣ್ಣೆ ದೋಸೆ ಅಂತೂ ಇದ್ದೇ ಇದೆ. ತೊಂದರೆ ಏನು ಅಂದರೆ, ಓದುವವರು ಇಲ್ಲಿ ಓದುತ್ತಾರೆ, ಮುಗಿದ ಮರುದಿನ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ನನ್ನ ಬ್ಯಾಚಿನಲ್ಲಿ ಊರಲ್ಲಿ ಉಳಿದವರು ಇಬ್ಬರು. ಒಬ್ಬ ನಾನು, ಇನ್ನೊಬ್ಬನಿಗೆ ಅಪ್ಪನ ಗೊಬ್ಬರದ ಅಂಗಡಿ ಇದೆ.

ಈಚೆಗೆ ರಿಚರ್ಡ್ ಫ್ಲೋರಿಡಾ ಅನ್ನುವ ಅಮೆರಿಕದ ಪ್ರೊಫೆಸರ್ 2002ರಲ್ಲಿ ಮಂಡಿಸಿದ ವಾದ ಓದಿದೆ. ಕಾರ್ಖಾನೆ ತಂದರೆ ಜನ ಬರುತ್ತಾರೆ ಅನ್ನುವುದು ಹಳೇ ಲೆಕ್ಕ, ಈಗ ಹೊಸದನ್ನು ಯೋಚಿಸುವ ಜನ, ಅಂದರೆ ಡಿಸೈನರ್, ಪ್ರೋಗ್ರಾಮರ್, ಸಂಗೀತಗಾರ, ವಿಜ್ಞಾನಿ, ಇವರು ಎಲ್ಲಿ ಇರಲು ಇಷ್ಟಪಡುತ್ತಾರೋ ಅಲ್ಲಿಗೆ ಕಂಪನಿಗಳೇ ಹುಡುಕಿಕೊಂಡು ಬರುತ್ತವೆ ಅನ್ನುತ್ತಾರೆ. ಓದಿದಾಗ ತಲೆಯಲ್ಲಿ ಬಲ್ಬು ಹತ್ತಿತು. ನಮ್ಮೂರಿಗೂ ಇದು ಆಗಬಹುದಾ?

ಸ್ವಾರ್ಥವೂ ಇದೆ, ಮುಚ್ಚಿಡಲ್ಲ. ತಾತನ ಕಾಲದ ಒಂದು ಹತ್ತಿ ಗೋದಾಮು ನಮ್ಮ ಮನೆಯವರ ಹೆಸರಲ್ಲಿ ಖಾಲಿ ಬಿದ್ದಿದೆ. ಚಿಕ್ಕಪ್ಪ ಅದನ್ನು ಕೆಡವಿ ಕಲ್ಯಾಣ ಮಂಟಪ ಕಟ್ಟಬೇಕು ಅಂತಿದ್ದಾರೆ. ನನಗೆ ಅದನ್ನು ಸ್ಟುಡಿಯೋಗಳ ಜಾಗ ಮಾಡುವ ಆಸೆ. ಬೇರೆ ಊರುಗಳಲ್ಲಿ ಇದು ನಿಜವಾಗಿ ನಡೆದಿದ್ದು ಹೇಗೆ, ಹಣ ಯಾರಿಗೆ ಬಂತು, ಯಾರಿಗೆ ಬರಲಿಲ್ಲ, ನೋಡಿದವರು ಹೇಳಿ.

ಸುಮ್ನೆಬಂದೆ:

ಕಲ್ಯಾಣ ಮಂಟಪ ಕಟ್ಟಿ ಗುರು. ಮದುವೆ ಯಾವತ್ತೂ ನಿಲ್ಲಲ್ಲ.

ಲೆಕ್ಕದಮೇಷ್ಟ್ರು:

ಮೇಲಿನವರ ಮಾತನ್ನು ನಗೆಯಾಡಿ ಬಿಡಬೇಡಿ, ಅದರಲ್ಲೂ ಅರ್ಧ ಅರ್ಥಶಾಸ್ತ್ರ ಇದೆ.

ಫ್ಲೋರಿಡಾ ಆ ವಾದ ಮಾಡುವಾಗ ಪಿಟ್ಸ್‌ಬರ್ಗ್‌ನಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದರು. ಪಿಟ್ಸ್‌ಬರ್ಗ್ ಅಂದರೆ ಉಕ್ಕಿನ ಊರು, ನಿಮ್ಮದು ಹತ್ತಿಯ ಊರು, ಕಥೆ ಒಂದೇ. ಲೈಕೋಸ್ ಅನ್ನುವ ಸರ್ಚ್ ಎಂಜಿನ್ ಆ ವಿಶ್ವವಿದ್ಯಾಲಯದಲ್ಲೇ ಹುಟ್ಟಿತು, ಕಂಪನಿ ಬೆಳೆದ ಮೇಲೆ ಬೋಸ್ಟನ್‌ಗೆ ಗುಳೆ ಹೋಯಿತು. ಯಾಕೆ? ಬೇಕಾದ ಜನ ಅಲ್ಲಿದ್ದರು. ಫ್ಲೋರಿಡಾಗೆ ತಲೆ ಕೆಟ್ಟಿದ್ದು ಅಲ್ಲಿಂದ. ತಂತ್ರಜ್ಞಾನ, ಪ್ರತಿಭೆ, ಜೊತೆಗೆ ಹೊರಗಿನವರನ್ನೂ ವಿಚಿತ್ರದವರನ್ನೂ ಸಹಿಸಿಕೊಳ್ಳುವ ಗುಣ, ಈ ಮೂರೂ ಇರುವ ಊರು ಬೆಳೆಯುತ್ತದೆ ಅಂದರು. ಮೇಯರುಗಳಿಗೆ ಭಾರಿ ಹಿಡಿಸಿತು. ಕಾರ್ಖಾನೆ ತರುವುದು ಕಷ್ಟ, ಸೈಕಲ್ ಪಥ ಮತ್ತು ಹಬ್ಬ ಮಾಡುವುದು ಸುಲಭ ಅಲ್ವಾ.

ಎಡವಟ್ಟು ಎಲ್ಲಿ ಅಂದರೆ, ಯಾವುದು ಮೊದಲು ಅನ್ನುವುದರಲ್ಲಿ. ಹಾರ್ವರ್ಡ್‌ನ ಎಡ್ವರ್ಡ್ ಗ್ಲೇಸರ್ ಅದೇ ಅಂಕಿಗಳನ್ನು ತಿರುಗಿ ಲೆಕ್ಕ ಹಾಕಿದರು. ಊರಿನಲ್ಲಿ ಎಷ್ಟು ಜನ ಚೆನ್ನಾಗಿ ಓದಿದವರಿದ್ದಾರೆ ಅನ್ನುವುದನ್ನು ಸೇರಿಸಿದ ತಕ್ಷಣ ಕಲಾವಿದರ ಸಂಖ್ಯೆಯ ಮಹಿಮೆ ಕರಗಿ ಹೋಯಿತು. ಉಳಿದ ಚೂರುಪಾರು ಪ್ರಭಾವವೂ ಎರಡೇ ಊರಿನಿಂದ ಬಂದಿತ್ತಂತೆ, ಒಂದು ಲಾಸ್ ವೇಗಸ್, ಇನ್ನೊಂದು ಸಾರಸೋಟಾ. ಲಾಸ್ ವೇಗಸ್ ಬೆಳೆದದ್ದು ಜೂಜಿನಿಂದ ಅಂತ ನಾನು ಹೇಳಬೇಕಾಗಿಲ್ಲ. ಕೊನೆಗೆ ಫ್ಲೋರಿಡಾ ಅವರೇ 2017ರ ಹೊತ್ತಿಗೆ, ಇಂಥ ಊರುಗಳಲ್ಲೇ ಅಸಮಾನತೆ ಜಾಸ್ತಿ ಆಗಿದೆ ಅಂತ ಒಪ್ಪಿಕೊಂಡು ಬರೆದರು.

ಈಗ ಪಿಟ್ಸ್‌ಬರ್ಗ್ ಏನಾಯಿತು ನೋಡಿ. ಊರು ಚೇತರಿಸಿಕೊಂಡಿತು, ಆದರೆ ಕಾಫಿ ಅಂಗಡಿಯಿಂದ ಅಲ್ಲ. ಆಸ್ಪತ್ರೆ ಮತ್ತು ವಿಶ್ವವಿದ್ಯಾಲಯದಿಂದ. ಯುಎಸ್ ಸ್ಟೀಲ್ ಕಂಪನಿಯ ಎತ್ತರದ ಕಟ್ಟಡದ ನೆತ್ತಿ ಮೇಲೆ ಈಗ ಇರುವುದು ಅಲ್ಲಿನ ಆಸ್ಪತ್ರೆ ಸಂಸ್ಥೆಯ ಹೆಸರು. ಕಾರ್ನೆಗಿ ಮೆಲನ್‌ನಲ್ಲಿ 1979ರಲ್ಲಿ ರೋಬಾಟಿಕ್ಸ್ ಸಂಸ್ಥೆ ಶುರು ಮಾಡಿದರು, ದಶಕಗಟ್ಟಲೆ ಅದು ಸುಮ್ಮನೆ ಸಂಶೋಧನೆ ಮಾಡಿಕೊಂಡಿತ್ತು. ಆಮೇಲೆ ಕಂಪನಿಗಳು ಬಂದವು. ಗೂಗಲ್ 2006ರಲ್ಲಿ ಬಂದು, ಮುಂದೆ ಒಂದು ಹಳೇ ಬಿಸ್ಕತ್ತು ಕಾರ್ಖಾನೆಯ ಜಾಗಕ್ಕೆ ಹೋಯಿತು. ಬೆಂಗಳೂರಿನದೂ ಇದೇ ಜಾತಕ. 1909ರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ (ಈಗಿನ ಭಾರತೀಯ ವಿಜ್ಞಾನ ಸಂಸ್ಥೆ), 1940ರಲ್ಲಿ ಎಚ್‌ಎಎಲ್, ಅದರ ಬೆನ್ನಿಗೇ ಸರ್ಕಾರಿ ಕಾರ್ಖಾನೆಗಳು, ಅದಾದ ಮೇಲೆ 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಅನ್ನುವ ಅಮೆರಿಕದ ಚಿಪ್ ಕಂಪನಿ. ಯಾರೂ ಪ್ರತಿಭೆಗಳೇ ಬನ್ನಿ ಅಂತ ಬ್ಯಾನರ್ ಕಟ್ಟಲಿಲ್ಲ.

ದಾವಣಗೆರೆಗೆ ಆಸ್ಪತ್ರೆಯೂ ಇದೆ, ಕಾಲೇಜೂ ಇದೆ. ನಿಮ್ಮ ಹತ್ತಿರ ಇಲ್ಲದ್ದು ಓದು ಮುಗಿದ ಮೇಲಿನ ಮೊದಲ ಐದು ವರ್ಷ ಕಳೆಯುವ ಜಾಗ. ಹೊರಗಿನಿಂದ ಯಾರನ್ನೋ ಕರೆಸುವ ಮೊದಲು ಆ ಬಸ್ಸು ಹತ್ತುವವರ ಬಗ್ಗೆ ಯೋಚಿಸಿ.

ನೀಲಿನಕ್ಷೆ:

ನಾನು ಆರ್ಕಿಟೆಕ್ಟ್. ಈ ವಿಷಯ ಬಂದಾಗ ಯಾರಾದರೂ ಒಬ್ಬರು ಬಿಲ್ಬಾವೋ ಅನ್ನಲೇಬೇಕು, ನಾನೇ ಅಂದುಬಿಡುತ್ತೇನೆ. ಓದುವಾಗ ಅಲ್ಲಿ ಒಂಬತ್ತು ತಿಂಗಳು ಇದ್ದೆ.

ಸ್ಪೇನ್‌ನ ಬಾಸ್ಕ್ ಸೀಮೆಯ ಊರು. ಜನಸಂಖ್ಯೆ ಸುಮಾರು ಮೂರೂವರೆ ಲಕ್ಷ, ಅಂದರೆ ದಾವಣಗೆರೆಗಿಂತ ಚಿಕ್ಕದು. ಉಕ್ಕು, ಹಡಗು, ಬಂದರು, ಇಷ್ಟೇ ಅದರ ಬದುಕು. 1980ರ ದಶಕದಲ್ಲಿ ಎಲ್ಲ ಕುಸಿಯಿತು. ಸುತ್ತಮುತ್ತ ದುಡಿಯಲು ಸಿದ್ಧರಿದ್ದ ನಾಲ್ವರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ. 1983ರಲ್ಲಿ ನೆರೆ ಬಂದು ಹಳೇ ಪೇಟೆ ಮುಳುಗಿತು. ನೆರ್ವಿಯೋನ್ ನದಿ ಆಗ ನದಿ ಆಗಿರಲಿಲ್ಲ, ಕಾರ್ಖಾನೆಗಳ ಮೋರಿ ಆಗಿತ್ತು.

ಪತ್ರಿಕೆಗಳಲ್ಲಿ ಬರುವ ಕಥೆ ಇಷ್ಟು: 1997ರ ಅಕ್ಟೋಬರ್‌ನಲ್ಲಿ ಫ್ರಾಂಕ್ ಗೆಹ್ರಿ ವಿನ್ಯಾಸ ಮಾಡಿದ ಗುಗೆನ್‌ಹೈಮ್ ಮ್ಯೂಸಿಯಂ ತೆರೆಯಿತು, ಟೈಟೇನಿಯಂ ಹೊದಿಕೆ ಮಿಂಚಿತು, ಜಗತ್ತೆಲ್ಲ ಬಂತು, ಊರು ಎದ್ದಿತು. ವರ್ಷಕ್ಕೆ ಐದು ಲಕ್ಷ ಜನ ಬಂದರೆ ಹೆಚ್ಚು ಅಂದುಕೊಂಡಿದ್ದರು, ಮೊದಲ ವರ್ಷವೇ 13 ಲಕ್ಷ ಬಂದರು. ಇದು ಸುಳ್ಳಲ್ಲ. ಆದರೆ ಇದು ಸಿನಿಮಾದ ಇಂಟರ್‌ವಲ್ ಆದ ಮೇಲೆ ಥಿಯೇಟರಿಗೆ ಹೋದವನು ಹೇಳುವ ಕಥೆ.

ಅದಕ್ಕೂ ಮೊದಲು ಏನಾಗಿತ್ತು ಗೊತ್ತಾ? ಒಳಚರಂಡಿ! ನದಿಗೆ ಬೀಳುವ ಕೊಳಚೆಯನ್ನೆಲ್ಲ ಬೇರೆ ಕಡೆ ಒಯ್ದು ಶುದ್ಧ ಮಾಡುವ ಕೆಲಸವನ್ನು ಮ್ಯೂಸಿಯಂಗಿಂತ ಎಷ್ಟೋ ವರ್ಷ ಮೊದಲೇ ಶುರು ಮಾಡಿದ್ದರು, ಅದಕ್ಕೆ ಮ್ಯೂಸಿಯಂಗೆ ಹಾಕಿದ್ದಕ್ಕಿಂತ ಹಲವು ಪಟ್ಟು ದುಡ್ಡು ಸುರಿದರು. ಬಂದರನ್ನು ಊರ ನಡುವಿನಿಂದ ಸಮುದ್ರದ ಬಾಯಿಗೆ ಸಾಗಿಸಿದರು, ಹಾಗಾಗಿ ನದಿ ದಂಡೆಯ ಜಾಗ ಖಾಲಿ ಆಯಿತು. 1992ರಲ್ಲಿ ಆ ಜಾಗಗಳಿಗೆಲ್ಲ ಒಂದೇ ಸಂಸ್ಥೆ ಮಾಡಿದರು. ಅದರಲ್ಲಿ ರೈಲ್ವೆ, ಬಂದರು, ಪಾಲಿಕೆ, ಪ್ರಾಂತ್ಯದ ಸರ್ಕಾರ, ಎಲ್ಲರೂ ಒಂದೇ ಮೇಜಿಗೆ ಕೂತರು. ಒಂದು ಕಡೆ ಜಾಗ ಮಾರಿದ ದುಡ್ಡು ಇನ್ನೊಂದು ಕಡೆಯ ಕೆಲಸಕ್ಕೆ. 1995ರಲ್ಲಿ ಮೆಟ್ರೋ ಓಡಿತು. ಅದೆಲ್ಲ ಆದ ಮೇಲೆ ಮ್ಯೂಸಿಯಂ.

ಇನ್ನೊಂದು ವಿಷಯವನ್ನು ನಮ್ಮ ಕಡೆಯಿಂದ ಪ್ರವಾಸಕ್ಕೆ ಹೋದವರು ಹೇಳುವುದೇ ಇಲ್ಲ. ಬಾಸ್ಕ್ ಪ್ರಾಂತ್ಯಗಳು ತಮ್ಮ ತೆರಿಗೆಯನ್ನು ತಾವೇ ವಸೂಲಿ ಮಾಡಿ, ಮ್ಯಾಡ್ರಿಡ್‌ಗೆ ಒಂದು ಪಾಲು ಮಾತ್ರ ಕೊಡುತ್ತವೆ. ಕಟ್ಟಡಕ್ಕೆ 10 ಕೋಟಿ ಡಾಲರ್, ಚಿತ್ರ ಕೊಳ್ಳಲು 5 ಕೋಟಿ, ನ್ಯೂಯಾರ್ಕಿನ ಗುಗೆನ್‌ಹೈಮ್ ಸಂಸ್ಥೆಯ ಹೆಸರು ಬಳಸುವುದಕ್ಕೇ 2 ಕೋಟಿ, ಇಷ್ಟು ಕೊಡುವ ತಾಕತ್ತು ಅಲ್ಲಿಂದ ಬಂತು. ಊರು ಬೆಳೆದರೆ ಹೆಚ್ಚಿದ ತೆರಿಗೆ ಅದೇ ಸೀಮೆಯ ಖಜಾನೆಗೆ ವಾಪಸ್. ನಮ್ಮ ಪಾಲಿಕೆಗಳಿಗೆ ಆಸ್ತಿ ತೆರಿಗೆ ಬಿಟ್ಟರೆ ಏನಿದೆ ಹೇಳಿ? ಜಿಎಸ್‌ಟಿ ಎಲ್ಲಿಂದೆಲ್ಲಿಗೆ ಹೋಗಿ ಎಷ್ಟು ಬರುತ್ತದೆ ಅಂತ ಕಾಯುತ್ತಾ ಕೂರಬೇಕು.

ಆ ಮ್ಯೂಸಿಯಂ ಪ್ರವಾಸಿಗಳನ್ನು ತಂದಿತು, ಕಲಾವಿದರನ್ನು ಅಲ್ಲ. ನಾನು ಇದ್ದಾಗ ಪರಿಚಯ ಆದ ಅಲ್ಲಿನ ಚಿತ್ರಕಾರರು ಅದರ ಬಗ್ಗೆ ಮಾತಾಡುವಾಗ ಬೇರೆಯವರ ಮದುವೆ ಊಟದ ಬಗ್ಗೆ ಮಾತಾಡುವ ಹಾಗೆ ಮಾತಾಡುತ್ತಿದ್ದರು. ಕೆಲಸ ಮಾಡುವ ಜನ ಸೇರಿದ್ದು ಆಮೇಲೆ, ಸೋರೋಟ್ಸಾವುರ್ರೆ ಅನ್ನುವ ಹಳೇ ಕೈಗಾರಿಕೆ ಪ್ರದೇಶದಲ್ಲಿ (ಹೆಸರು ಉಚ್ಚರಿಸಲು ನನಗೂ ಒಂದು ತಿಂಗಳು ಬೇಕಾಯಿತು). ದೊಡ್ಡ ಯೋಜನೆಗಳು ತಡ ಆಗಿ ಶೆಡ್ಡುಗಳು ಖಾಲಿ ಇದ್ದವು, ಆ ಸಂದಿಯಲ್ಲಿ ಸಣ್ಣ ರಂಗತಂಡ, ಡಿಸೈನ್ ಕಾಲೇಜು, ಸ್ಟುಡಿಯೋಗಳು ಸೇರಿಕೊಂಡವು. ಅಲ್ಲೂ ಒಂದು ಹಳೇ ಬಿಸ್ಕತ್ತು ಕಾರ್ಖಾನೆ ಇದೆ ಮೇಷ್ಟ್ರೇ! ಬಿಸ್ಕತ್ತಿಗೂ ಇದಕ್ಕೂ ಏನು ನಂಟೋ ಕಾಣೆ.

ಮಂಡಕ್ಕಿಭಟ್ಟಿ:

ಒಳಚರಂಡಿ ವಿಷಯ ಕೇಳಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20ರ ಪಟ್ಟಿಯಲ್ಲಿ ನಮ್ಮೂರು ಇತ್ತು, ಪಟಾಕಿ ಹೊಡೆದಿದ್ದೆವು. ಆದರೆ ನನ್ನ ಹತ್ತಿರ ಪಾಲಿಕೆ ಇಲ್ಲ, ಒಂದು ಗೋದಾಮು ಇದೆ ಅಷ್ಟೇ. ಸರ್ಕಾರದ ಯೋಜನೆಯೇ ಇಲ್ಲದೆ, ಜನ ತಾವಾಗಿಯೇ ಬಂದು ಸೇರಿಕೊಂಡ ಊರು ಯಾವುದಾದರೂ ಇದೆಯಾ?

ಬರ್ಲಿನ್‌ಬಸಮ್ಮ:

ಇದೆ, ನಾನು ಅಲ್ಲೇ ಇದ್ದೇನೆ. ಗದಗಿನವಳು, ಇಲ್ಲಿಗೆ ಬಂದು ಹನ್ನೊಂದು ವರ್ಷ ಆಯಿತು. ಗಂಡ, ನಾನು ಇಬ್ಬರೂ ಸಾಫ್ಟ್‌ವೇರ್ ಕೆಲಸ. ಅಂದರೆ ಈ ಕಥೆಯಲ್ಲಿ ಊರು ಚೆನ್ನಾದ ಮೇಲೆ ಬಂದು ಬಾಡಿಗೆ ಏರಿಸಿದ ಜನ ಇದ್ದಾರಲ್ಲ, ಅದು ನಾವೇ. ಮೊದಲೇ ಹೇಳಿಬಿಟ್ಟೆ.

ಊರನ್ನು ಪೂರ್ವ, ಪಶ್ಚಿಮ ಅಂತ ಸೀಳಿದ್ದ ಗೋಡೆ 1989ರಲ್ಲಿ ಬಿತ್ತು. ಪೂರ್ವ ಬರ್ಲಿನ್‌ನಲ್ಲಿ ಸಾಲು ಸಾಲು ಮನೆ ಖಾಲಿ. ಯುದ್ಧಕ್ಕೆ ಮುಂಚೆ ಯಾರದ್ದು, ಆಮೇಲೆ ಯಾರು ಕಿತ್ತುಕೊಂಡರು, ಈಗ ಯಾರಿಗೆ ಸೇರಬೇಕು ಅಂತ ಕೋರ್ಟಿನಲ್ಲಿ ವರ್ಷಗಟ್ಟಲೆ ತೀರ್ಮಾನ ಆಗಲಿಲ್ಲ. ಮಾಲೀಕ ಯಾರು ಅಂತ ಗೊತ್ತಾಗುವ ತನಕ ಬಾಡಿಗೆ ಕೇಳುವವರೂ ಇಲ್ಲ. ಕಲ್ಲಿದ್ದಲಿನ ಒಲೆ ಹಚ್ಚಿ ಚಳಿ ಕಾಯಿಸಬೇಕಾದ ಮನೆಗಳು, ಕಕ್ಕಸು ಮೆಟ್ಟಿಲ ಹತ್ತಿರ, ಆದರೂ ಜನ ಬಂದರು. ಟಾಖೆಲೆಸ್ ಅಂತ ಒಂದು ಪಾಳು ಬಿದ್ದ ಅಂಗಡಿ ಸಮುಚ್ಚಯ ಇತ್ತು, 1990ರ ಫೆಬ್ರವರಿಯಲ್ಲಿ ಕಲಾವಿದರು ಒಳಗೆ ನುಗ್ಗಿ ಕೂತರು. ಟ್ರೆಸರ್ ಅನ್ನುವ ಟೆಕ್ನೋ (ಕುಣಿತಕ್ಕೆ ನುಡಿಸುವ ಎಲೆಕ್ಟ್ರಾನಿಕ್ ಸಂಗೀತ) ಕ್ಲಬ್ 1991ರಲ್ಲಿ ಇನ್ನೊಂದು ಹಳೇ ಅಂಗಡಿಯ ತಿಜೋರಿ ಕೋಣೆಯಲ್ಲಿ ಶುರು ಆಯಿತು. ಯಾರೂ ಯೋಜನೆ ಹಾಕಿರಲಿಲ್ಲ. ಜಾಗ ಅಗ್ಗ, ಪೊಲೀಸರಿಗೆ ಬೇರೆ ಕೆಲಸ, ಅಷ್ಟೇ.

ಈಗ ದುಡ್ಡಿನ ವಿಷಯ. ಆ ಕ್ಲಬ್ಬುಗಳಿಂದಲೇ ಊರು ಶ್ರೀಮಂತ ಆಗಲಿಲ್ಲ. 2003ರಲ್ಲಿ ಮೇಯರ್ ಕ್ಲೌಸ್ ವೋವರೈಟ್ ಅವರೇ ಬರ್ಲಿನ್ ಬಡವಿ, ಆದರೂ ಸೆಕ್ಸಿ ಅಂದಿದ್ದರು. ಊರಿನ ಸಾಲ ತಲೆ ಮೇಲಿತ್ತು. ಆದರೆ ಒಳಗೊಳಗೆ ಒಂದು ಕೆಲಸ ನಡೆದಿತ್ತು, ಇದು ನನಗೆ ತುಂಬ ಇಷ್ಟವಾದ ಭಾಗ. ಟೆಕ್ನೋ ನುಡಿಸುವವರಿಗೆ ಕಂಪ್ಯೂಟರಿನಲ್ಲಿ ಸಂಗೀತ ಕಟ್ಟುವ ಸಲಕರಣೆ ಬೇಕಿತ್ತು, ಅಂಗಡಿಯಲ್ಲಿ ಸಿಗುವುದು ಅವರಿಗೆ ಸಾಕಾಗುತ್ತಿರಲಿಲ್ಲ, ತಾವೇ ಬರೆದುಕೊಂಡರು. 1996ರಲ್ಲಿ ನೇಟಿವ್ ಇನ್‌ಸ್ಟ್ರುಮೆಂಟ್ಸ್, 1999ರಲ್ಲಿ ಏಬಲ್ಟನ್ ಅನ್ನುವ ಕಂಪನಿಗಳು ಹುಟ್ಟಿದ್ದು ಹಾಗೆ. ಏಬಲ್ಟನ್ ಕಟ್ಟಿದವರಲ್ಲಿ ಮೊನೋಲೇಕ್ ಅನ್ನುವ ಟೆಕ್ನೋ ಜೋಡಿಯವರು ಇದ್ದರು. ಇವತ್ತು ಬೆಂಗಳೂರಿನಲ್ಲಿ ಕೂತು ಕನ್ನಡ ರ‍್ಯಾಪ್ ಮಾಡುವ ಹುಡುಗರ ಲ್ಯಾಪ್‌ಟಾಪಿನಲ್ಲೂ ಅವರ ಸಾಫ್ಟ್‌ವೇರ್ ಇರುತ್ತದೆ. ಪ್ರತಿಭೆಯಿಂದ ಉದ್ಯೋಗ ಹುಟ್ಟುವುದು ಅಂದರೆ ನನ್ನ ಲೆಕ್ಕದಲ್ಲಿ ಇದು. ಗೋಡೆಗೆ ಚಿತ್ರ ಬರೆದರೆ ಕಂಪನಿ ಬರುತ್ತದೆ ಅನ್ನುವುದು ಅಲ್ಲ, ಒಂದು ಕಸುಬನ್ನು ಹುಚ್ಚು ಹಿಡಿದ ಹಾಗೆ ಮಾಡುವ ನೂರು ಜನ ಒಂದೇ ಓಣಿಯಲ್ಲಿ ಹತ್ತು ವರ್ಷ ಇದ್ದರೆ, ಅವರ ಕಸುಬಿಗೆ ಬೇಕಾದ ಉಪಕರಣವೇ ಒಂದು ಉದ್ಯಮ ಆಗುತ್ತದೆ.

ಹತ್ತು ವರ್ಷ ಅಂದೆ ನೋಡಿ. ಅಷ್ಟು ಕಾಲ ಬಾಡಿಗೆ ಏರದೆ ಇದ್ದಿದ್ದು ಬರಿ ಅದೃಷ್ಟ. ಆಮೇಲೆ ಬಿಲ್ ಬಂತು. ಸಾಲ ತೀರಿಸುವುದಕ್ಕೆ ನಗರ ಸರ್ಕಾರ ತನ್ನ ಮನೆಗಳನ್ನು ಮಾರಿತು, 2004ರಲ್ಲಿ ಒಂದೇ ಏಟಿಗೆ 65 ಸಾವಿರ ಫ್ಲ್ಯಾಟು. ಟಾಖೆಲೆಸ್‌ನಲ್ಲಿದ್ದ ಕಲಾವಿದರನ್ನು 2012ರಲ್ಲಿ ಎಬ್ಬಿಸಿದರು, ಈಗ ಆ ಜಾಗದಲ್ಲಿ ದುಬಾರಿ ಅಪಾರ್ಟ್‌ಮೆಂಟು ಮತ್ತು ಟಿಕೆಟ್ ಇಟ್ಟ ಫೋಟೋ ಮ್ಯೂಸಿಯಂ. 2020ರಲ್ಲಿ ಬಾಡಿಗೆಗೆ ಮಿತಿ ಹಾಕುವ ಕಾನೂನು ತಂದರು, 2021ರ ಏಪ್ರಿಲ್‌ನಲ್ಲಿ ಸಂವಿಧಾನ ನ್ಯಾಯಾಲಯ ಅದನ್ನು ಹೊಡೆದು ಹಾಕಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ದೊಡ್ಡ ಕಂಪನಿಗಳ ಕೈಲಿರುವ ಮನೆಗಳನ್ನು ಸರ್ಕಾರವೇ ವಾಪಸ್ ತೆಗೆದುಕೊಳ್ಳಲಿ ಅಂತ ಅರ್ಧಕ್ಕಿಂತ ಜಾಸ್ತಿ ಮತದಾರರು ಓಟು ಹಾಕಿದರು. 2024ರ ಕೊನೆಗೆ ಸಂಸ್ಕೃತಿ ಇಲಾಖೆಯ ದುಡ್ಡಿಗೇ ಕತ್ತರಿ, ಸುಮಾರು 13 ಕೋಟಿ ಯೂರೋ. ಯಾರಿಂದ ಊರಿಗೆ ಹೆಸರು ಬಂತೋ ಅವರಿಗೇ ಕತ್ತರಿ.

ನಮ್ಮ ಮನೆ ಕೆಳಗೆ ಒಬ್ಬರು ಪಿಟೀಲು ರಿಪೇರಿ ಮಾಡುತ್ತಿದ್ದರು. ಕಟ್ಟಡ ಮಾರಾಟ ಆದ ಮೇಲೆ ಬಾಡಿಗೆ ಎರಡು ಪಟ್ಟು ಕೇಳಿದರು, ಬಿಟ್ಟು ಹೋದರು. ಅಂಗಡಿಯಲ್ಲಿ ಈಗ ನಾಯಿಗಳಿಗೆ ಬಿಸ್ಕತ್ತು ಮಾರುತ್ತಾರೆ. ಮತ್ತೆ ಬಿಸ್ಕತ್ತೇ.

ಪುತ್ತೂರುಬಡಗಿ:

ಬರ್ಲಿನ್, ಬಿಲ್ಬಾವೋ ಎಲ್ಲ ದೂರ ಆಯಿತು, ಹತ್ತಿರದ್ದು ಹೇಳುತ್ತೇನೆ. ನಾನು ಪ್ರದರ್ಶನಗಳಿಗೆ ಮರದ ಕೆಲಸ ಮಾಡುವವನು. ಕೇರಳದ ಕೊಚ್ಚಿ ಬಿನಾಲೆ ಅನ್ನುವ ದೊಡ್ಡ ಕಲಾ ಪ್ರದರ್ಶನಕ್ಕೆ ಎರಡು ಸಲ ಹೋಗಿ ದುಡಿದಿದ್ದೇನೆ.

ಅದು ಶುರು ಆಗಿದ್ದು 2012ರ ಡಿಸೆಂಬರ್ 12ಕ್ಕೆ. ಬೋಸ್ ಕೃಷ್ಣಮಾಚಾರಿ, ರಿಯಾಸ್ ಕೋಮು ಅನ್ನುವ ಇಬ್ಬರು ಕೇರಳದ ಕಲಾವಿದರು ಹಠ ಹಿಡಿದು ಮಾಡಿದ್ದು, ಸರ್ಕಾರವೂ ದುಡ್ಡು ಕೊಟ್ಟಿತು. ಹೊಸ ಕಟ್ಟಡ ಒಂದೂ ಕಟ್ಟಲಿಲ್ಲ. ಫೋರ್ಟ್ ಕೊಚ್ಚಿಯಲ್ಲಿ ಆಸ್ಪಿನ್‌ವಾಲ್ ಹೌಸ್ ಅಂತ ಇದೆ, 1867ರ ಸಾಂಬಾರ ಪದಾರ್ಥದ ಕಂಪನಿಯ ಗೋದಾಮು, ಕಡಲಿಗೆ ಮುಖ ಮಾಡಿ ಇದೆ. ಅದು, ಮಟ್ಟಾಂಚೇರಿಯ ಇನ್ನಷ್ಟು ಹಳೇ ಗೋದಾಮುಗಳು, ಇಷ್ಟರಲ್ಲೇ ಎಲ್ಲ.

ಬಂದ ದುಡ್ಡು ಯಾರಿಗೆ ಅಂದರೆ, ಹೋಮ್‌ಸ್ಟೇ ಇದ್ದವರಿಗೆ, ಆಟೋದವರಿಗೆ, ಊಟದ ಹೋಟೆಲಿಗೆ, ಮತ್ತೆ ನಮ್ಮಂಥ ಬಡಗಿ, ವೆಲ್ಡರ್, ಎಲೆಕ್ಟ್ರಿಷಿಯನ್, ಪೇಂಟರ್‌ಗಳಿಗೆ. ಚಿತ್ರಕಾರರ ಹೆಸರು ಗೋಡೆ ಮೇಲೆ ಇರುತ್ತದೆ, ಆದರೆ ಒಂದು ದೊಡ್ಡ ಇನ್‌ಸ್ಟಲೇಶನ್ (ಜಾಗ ತುಂಬ ಕಟ್ಟಿ ನಿಲ್ಲಿಸುವ ಕಲಾಕೃತಿ) ಹಿಂದೆ ಹತ್ತು ಹದಿನೈದು ಜನ ಕೈಕೆಲಸದವರು ಇರುತ್ತಾರೆ. ಆದರೆ ಅದು ಎರಡು ವರ್ಷಕ್ಕೊಮ್ಮೆ ಮೂರ್ನಾಲ್ಕು ತಿಂಗಳು. ಮಿಕ್ಕ ದಿನ ನಾನು ಮಂಗಳೂರಲ್ಲಿ ಕಿಚನ್ ಕ್ಯಾಬಿನೆಟ್ ಮಾಡುತ್ತೇನೆ. ಜಾತ್ರೆ ನೆಚ್ಚಿಕೊಂಡು ಅಂಗಡಿ ಇಟ್ಟರೆ ಜಾತ್ರೆ ಮುಗಿದ ಮೇಲೆ ನೊಣ ಹೊಡೆಯಬೇಕು. ಗೋದಾಮಿನಲ್ಲಿ ವರ್ಷಪೂರ್ತಿ ನಡೆಯುವ ಕೆಲಸ ಇರಲಿ ಮಂಡಕ್ಕಿಯವರೇ.

ಬ್ರಷ್ಷುಬಕೆಟ್ಟು:

ನಾಲ್ಕು ದಿನದಿಂದ ಓದುತ್ತಾ ಇದ್ದೇನೆ, ಇನ್ನು ತಡೆಯಕ್ಕಾಗಲ್ಲ.

ಪಿಟ್ಸ್‌ಬರ್ಗ್ ಬಂತು, ಸ್ಪೇನ್ ಬಂತು, ಜರ್ಮನಿ ಬಂತು. ದಾವಣಗೆರೆಯಲ್ಲೇ 1960ರ ದಶಕದಿಂದ ಒಂದು ಚಿತ್ರಕಲಾ ಕಾಲೇಜು ಇದೆ, ಈಗ ವಿಶ್ವವಿದ್ಯಾಲಯದ ದೃಶ್ಯಕಲಾ ಮಹಾವಿದ್ಯಾಲಯ, ಅದರ ಹೆಸರನ್ನು ಒಬ್ಬರೂ ಎತ್ತಲಿಲ್ಲ! ನಾನು ಅಲ್ಲಿ ಓದಿದವನು. ನಾಟಕ ಕಂಪನಿಗಳ ಊರು ಅದು, ಚಿಂದೋಡಿ ಲೀಲಾ ಅವರ ಕೆಬಿಆರ್ ಡ್ರಾಮಾ ಕಂಪನಿ ಅಲ್ಲಿಯದು. ಪರದೆ ಬರೆಯುವವರು, ಸೀನರಿ ಕಟ್ಟುವವರು, ಬಣ್ಣ ಹಚ್ಚುವವರು, ಹಾರ್ಮೋನಿಯಂ ಮೇಷ್ಟ್ರು, ಇವರೆಲ್ಲ ಆ ಓಣಿಗಳಲ್ಲೇ ಇದ್ದರು. ಬರ್ಲಿನ್ ಮೇಡಂ ಹೇಳಿದ ನೂರು ಜನ ನಮ್ಮಲ್ಲಿ ಇದ್ದರು ಸ್ವಾಮಿ. ಕರೆಸುವ ಮಾತು ಯಾಕೆ, ಇದ್ದವರು ಯಾಕೆ ಹೋದರು ಅಂತ ಕೇಳಿ.

ನಾನು ಯಾಕೆ ಹೋದೆ ಹೇಳುತ್ತೇನೆ. ಓದು ಮುಗಿಸಿ ಎರಡು ವರ್ಷ ಊರಲ್ಲೇ ಇದ್ದೆ. ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುವ ಕೆಲಸ. ಹುಟ್ಟುಹಬ್ಬದ ಬ್ಯಾನರ್‌ನಲ್ಲಿ ನಲವತ್ತು ಜನರ ಮುಖ ಕತ್ತರಿಸಿ ಅಂಟಿಸುವುದು, ಒಬ್ಬರ ಮುಖ ಇನ್ನೊಬ್ಬರದ್ದಕ್ಕಿಂತ ಚಿಕ್ಕದಾದರೆ ರಾತ್ರಿ ಹನ್ನೊಂದಕ್ಕೆ ಫೋನು. ಸಂಬಳ ಹೇಳಲು ನಾಚಿಕೆ ಆಗುತ್ತದೆ, ಅದೂ ಮೂರು ತಿಂಗಳದ್ದು ಬಾಕಿ ಉಳಿಸಿಕೊಂಡರು. ಸ್ವಂತಕ್ಕೆ ಶಿಲ್ಪ ಮಾಡೋಣ ಅಂತ ಒಂದು ಶೀಟು ಹೊದಿಸಿದ ಶೆಡ್ಡು ಬಾಡಿಗೆಗೆ ಹಿಡಿದೆ. ಆರು ತಿಂಗಳು ಕಸ ಎತ್ತಿ, ಸುಣ್ಣ ಹೊಡೆದು, ಲೈಟು ಹಾಕಿಸಿದೆ. ಜಾಗ ಚೆನ್ನಾಗಿ ಕಂಡ ಕೂಡಲೇ ಮಾಲೀಕರು ಬಂದು, ಬೈಕ್ ಶೋರೂಮಿನವರು ಜಾಸ್ತಿ ಕೊಡುತ್ತಾರಂತೆ, ತಿಂಗಳ ಕೊನೆಗೆ ಖಾಲಿ ಮಾಡು ಅಂದರು. ಕಾಗದ ಪತ್ರ ಏನೂ ಮಾಡಿಸಿರಲಿಲ್ಲ, ನನ್ನದೇ ತಪ್ಪು. ಬರ್ಲಿನ್‌ನಲ್ಲಿ ಇಪ್ಪತ್ತು ವರ್ಷಕ್ಕೆ ಆಗಿದ್ದು ನನಗೆ ಆರು ತಿಂಗಳಿಗೆ ಆಯಿತು.

ಬೆಂಗಳೂರಲ್ಲಿ ಈಗ ಗೇಮ್ ಕಂಪನಿಯೊಂದಕ್ಕೆ ಹಿನ್ನೆಲೆ ಚಿತ್ರ ಬರೆಯುತ್ತೇನೆ. ಇದು ಕೈ ತುಂಬ ಕೆಲಸ ಇರುವ ಲೋಕ. ಅನಿಮೇಶನ್, ಗೇಮಿಂಗ್‌ಗೆ ಅಂತಲೇ ಕರ್ನಾಟಕ 2012ರಲ್ಲೇ ನೀತಿ ಮಾಡಿತ್ತು, ದೇಶದಲ್ಲಿ ಮೊದಲು ಅದನ್ನು ಮಾಡಿದ್ದು ನಾವೇ. ಈಗ 2024ರಿಂದ 2029ಕ್ಕೆ ಹೊಸ ನೀತಿ ಇದೆ. ಸರಿ, ಆದರೆ ಕೆಲಸ ಎಲ್ಲ ಬೆಂಗಳೂರಲ್ಲೇ. ನನ್ನ ಟೀಮಿನ ಒಂಬತ್ತು ಜನರಲ್ಲಿ ನಾಲ್ವರು ಶಿವಮೊಗ್ಗ, ಹಾವೇರಿ, ಗದಗ, ದಾವಣಗೆರೆ ಕಡೆಯವರು. ವಾರಕ್ಕೆ ಒಂದು ಸಲ ವಿಡಿಯೋ ಮೀಟಿಂಗ್, ಫೈಲು ಕಳಿಸುವುದು, ಅಷ್ಟೇ ಕೆಲಸ. ಊರಲ್ಲಿ ಕೂತು ಮಾಡಬಹುದು, ಮನೆಯಲ್ಲಿ ಆಗಲ್ಲ. ಮನೆಯಲ್ಲಿ ಕೂತರೆ ನೆಂಟರು ಬಂದು ಕೆಲಸ ಸಿಗಲಿಲ್ವಾ ಅಂತ ಕೇಳುತ್ತಾರೆ.

ಊರಿಗೆ ವಾಪಸ್ ಬರಲು ನನಗೆ ಬೇಕಾಗಿದ್ದು ಮ್ಯೂಸಿಯಂ ಅಲ್ಲ, ಹಬ್ಬ ಅಲ್ಲ. ಒಂದು ಜಾಗ, ಐದು ವರ್ಷಕ್ಕೆ ಬರಹದಲ್ಲಿ ಬಾಡಿಗೆ, ವರ್ಷಕ್ಕೆ ಎಷ್ಟು ಏರಿಸುತ್ತೀರಿ ಅನ್ನುವುದೂ ಅದರಲ್ಲೇ. ಕರೆಂಟು ಮತ್ತು ನೆಟ್ಟು ಕೈಕೊಡಬಾರದು. ಪಕ್ಕದ ಮೇಜಿನಲ್ಲಿ ನನ್ನ ಕೆಲಸ ನೋಡಿ ಇದು ಸರಿ ಬಂದಿಲ್ಲ ಅಂತ ಹೇಳುವ ಇನ್ನಿಬ್ಬರು ಇರಬೇಕು. ಆ ಇನ್ನಿಬ್ಬರು ಇಲ್ಲದ್ದಕ್ಕೇ ನಾನು ಬಸ್ಸು ಹತ್ತಿದ್ದು, ಸಂಬಳ ಆಮೇಲಿನ ಮಾತು.

ಸುಮ್ನೆಬಂದೆ:

ಸರಿ ಗುರು, ಕಲ್ಯಾಣ ಮಂಟಪದ ಮಾತು ವಾಪಸ್ ತಗೊಂಡೆ. ಆದರೆ ಐದು ವರ್ಷ ಚಿಕ್ಕಪ್ಪನಿಗೆ ಯಾರು ಹೇಳೋದು?

ಮಂಡಕ್ಕಿಭಟ್ಟಿ:

ಬ್ರಷ್ಷು ಅಣ್ಣ, ಆ ಕಾಲೇಜಿನ ಮುಂದೆಯೇ ದಿನಾ ಓಡಾಡುತ್ತೇನೆ, ಪ್ರಶ್ನೆ ಬರೆಯುವಾಗ ಅದು ತಲೆಗೆ ಬರಲೇ ಇಲ್ಲ. ಕ್ಷಮಿಸಿ.

ಚಿಕ್ಕಪ್ಪನ ಹತ್ತಿರ ನಿನ್ನೆ ರಾತ್ರಿ ಕೂತು ಮಾತಾಡಿದೆ. ಕಲ್ಯಾಣ ಮಂಟಪಕ್ಕೆ ಪಾರ್ಕಿಂಗ್ ಜಾಗವೇ ಇಲ್ಲ ಅಂತ ಅವರಿಗೂ ಅನ್ನಿಸಿದೆ, ಇನ್ನೂ ಎರಡು ವರ್ಷ ಕೆಡವುವುದು ಬೇಡ ಅಂದರು. ಐದು ವರ್ಷಕ್ಕೆ ಬರೆದುಕೊಡಲು ಒಪ್ಪಲಿಲ್ಲ, ಮೂರಕ್ಕೆ ಎಳೆಯಬಹುದು. ಬಾಡಿಗೆ ಬಿಟ್ಟಿ ಬೇಡ, ಮೊದಲ ವರ್ಷ ಆಸ್ತಿ ತೆರಿಗೆ ಮತ್ತು ಕರೆಂಟ್ ಬಿಲ್ ಹುಟ್ಟಿದರೆ ಸಾಕು ಅಂತ ನನ್ನ ಲೆಕ್ಕ. ಗೋದಾಮು ಅಂದಾಜು 40 ಅಡಿಗೆ 90 ಅಡಿ. ಮೇಲೆ ಮಂಗಳೂರು ಹೆಂಚು, ಅಲ್ಲಲ್ಲಿ ಒಡೆದಿದೆ. ಎಷ್ಟು ಮೇಜು ಹಿಡಿಸುತ್ತದೆ ಅಂತ ಗೊತ್ತಿಲ್ಲ.

ಲೆಕ್ಕದಮೇಷ್ಟ್ರು:

ಗೋದಾಮನ್ನು ಬೇರೆ ಕೆಲಸಕ್ಕೆ ಬಳಸಲು ಪಾಲಿಕೆಯಲ್ಲಿ ಏನು ಕಾಗದ ಬೇಕು ಅಂತ ಮೊದಲೇ ವಿಚಾರಿಸಿ. ಆಮೇಲೆ ನೋಟಿಸು ಬಂದರೆ ಕಷ್ಟ. ಮೂರು ವರ್ಷವಾದರೂ ಸರಿ, ಕರಾರು ರಿಜಿಸ್ಟರ್ ಮಾಡಿಸಿ.

ಬ್ರಷ್ಷುಬಕೆಟ್ಟು:

ತ್ರೀ ಫೇಸ್ ಕರೆಂಟ್ ಇದೆಯಾ? ಬಾತ್‌ರೂಮ್? ನಮ್ಮ ಟೀಮಿನ ಗದಗಿನ ಹುಡುಗಿಯೂ ಕೇಳುತ್ತಿದ್ದಾಳೆ, ಅವಳ ಮೊದಲ ಪ್ರಶ್ನೆ ಅದೇ.

ಮಂಡಕ್ಕಿಭಟ್ಟಿ:

ತ್ರೀ ಫೇಸ್ ಇದೆ, ಹತ್ತಿ ಒತ್ತುವ ಮಷೀನಿಗೆ ಹಾಕಿಸಿದ್ದು. ಬಾತ್‌ರೂಮ್ ಇಲ್ಲ. ಹತ್ತಿ ಅಂಡಿಗೆಗಳಿಗೆ ಬಾತ್‌ರೂಮ್ ಯಾಕೆ ಅಂತ ತಾತ ಕಟ್ಟಿಸಲಿಲ್ಲವಂತೆ.

ನೀಲಿನಕ್ಷೆ:

ಬಿಲ್ಬಾವೋದವರೂ ಚರಂಡಿಯಿಂದಲೇ ಶುರು ಮಾಡಿದ್ದು ನೋಡಿ. ಅಳತೆ ಹಾಕಿ ಫೋಟೋ ಕಳಿಸಿ, ನಕ್ಷೆ ನಾನು ಬರೆದುಕೊಡುತ್ತೇನೆ, ಫೀಸು ಒಂದು ಖಾಲಿ ದೋಸೆ, ಒಂದು ಬೆಣ್ಣೆ ದೋಸೆ.

ಬ್ರಷ್ಷುಬಕೆಟ್ಟು:

ಎರಡನೇ ಶನಿವಾರ ಊರಿಗೆ ಬರುತ್ತಿದ್ದೇನೆ. ಟೇಪು ನಾನು ತರುತ್ತೇನೆ, ಏಣಿ ನೀವು ನೋಡಿಕೊಳ್ಳಿ.